ಪಾಚಿ ಮುಗಿದ ಮೇಲೆ

ಮೊನ್ನೆ ಸೊಸೆಯ ಜೊತೆ ಮೀನಿನ ಅಂಗಡಿಗೆ ಹೋಗಿದ್ದೆ. ತಿನ್ನುವ ಮೀನಿನದಲ್ಲ, ನೋಡುವ ಮೀನಿನದು. ನಮ್ಮ ಮನೆಯ ಅಕ್ವೇರಿಯಮ್ಮಿನ ಗಾಜಿಗೆ ಪಾಚಿ ಕಟ್ಟಿ ಒಳಗಿನ ಮೀನುಗಳು ಇವೆಯೋ ಇಲ್ಲವೋ ಎಂಬಂತಾಗಿತ್ತು. ಪಾಚಿ ತಿನ್ನುವ ಜಾತಿಯದೊಂದನ್ನು ಆರಿಸಿ ತರೋಣವೆಂದು ಹೊರಟೆವು. ಅಂಗಡಿಯವನು ಗಾಜಿಗೆ ಬಾಯಿ ಅಂಟಿಸಿಕೊಂಡಿದ್ದ ಕಪ್ಪು ಮೀನೊಂದನ್ನು ತೋರಿಸಿ, "ಇದಕ್ಕೆ ಏನೂ ಹಾಕೋದೇ ಬೇಡ ಅಮ್ಮ, ತನ್ನ ಪಾಡಿಗೆ ಕ್ಲೀನ್ ಮಾಡ್ಕೊಂಡು ಇರುತ್ತೆ" ಎಂದ. ಸೊಸೆಗೆ ಸಂತೋಷವಾಯಿತು. ಇಂಥದೇ ಮಾತನ್ನು ಶಿಕಾರಿಪುರದ ಮನೆಯಲ್ಲಿ ಕೇಳಿದ್ದೆ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು.

ಆ ಮನೆಗೆ ಸೊಸೆಯಾಗಿ ಬಂದಾಗ ನಾನು ಕಾನ್ವೆಂಟಿನಲ್ಲಿ ಓದಿದ ಹುಡುಗಿ. ಕಸೂತಿ ಬರುತ್ತಿತ್ತು, ಇಂಗ್ಲಿಷ್ ಪ್ರಾರ್ಥನೆ ಬರುತ್ತಿತ್ತು. ರೊಟ್ಟಿ ತಟ್ಟಿದರೆ ಅದಕ್ಕೆ ಮೂಲೆಗಳು ಬರುತ್ತಿದ್ದವು. ವರ್ಗವಾಗಿ ಹೋಗುತ್ತಿದ್ದ ಸಿಸ್ಟರ್ ಒಬ್ಬರು ತಮ್ಮಲ್ಲಿದ್ದ ಗಾಜಿನ ತೊಟ್ಟಿಯನ್ನೇ ನನಗೆ ಮದುವೆಯ ಉಡುಗೊರೆಯಾಗಿ ಕೊಟ್ಟಿದ್ದರು. ನಮ್ಮದು ಮೂರು ಹೊತ್ತೂ ಲಿಂಗಪೂಜೆ ನಡೆಯುವ ಮನೆ. ಅತ್ತೆ 'ಮೀನು' ಎಂಬ ಶಬ್ದವನ್ನು ಬಾಯಿಗೆ ತರುತ್ತಿರಲಿಲ್ಲ, 'ನೀರಾಗಿನವು' ಎನ್ನುತ್ತಿದ್ದರು. ಆದರೂ ಊರಲ್ಲಿ ಯಾರ ಮನೆಯಲ್ಲೂ ಇಲ್ಲದ ವಸ್ತು ತಾನೇ? ಪಡಸಾಲೆಯಲ್ಲಿ ಇಡಲು ಒಪ್ಪಿದರು.

ಮೊದಲು ಊರ ಕೆರೆಯ ಬೆಳ್ಳಿಬಣ್ಣದ ಪುಟ್ಟ ಮೀನುಗಳನ್ನು ಬಿಟ್ಟಿದ್ದೆವು. ಅವು ಬಲು ಚಂದ, ಆದರೆ ಗಾಜು ಹಸಿರುಗಟ್ಟಿದರೂ ಪಾಚಿಯ ಗೊಡವೆಗೆ ಹೋಗುತ್ತಿರಲಿಲ್ಲ. ಸಾಲದ್ದಕ್ಕೆ ಅವುಗಳಲ್ಲೊಂದು ಅತ್ತೆಯ ಕಣ್ಣೆದುರೇ ಸೊಳ್ಳೆ ನುಂಗಿತು. "ಹುಳಾ ಹುಪ್ಪಟಿ ತಿನ್ನೋದು ನಮ್ಮನಿಯಾಗ ಬ್ಯಾಡ" ಎಂದು ಅವರು ಎಲ್ಲವನ್ನೂ ಕೆರೆಗೆ ವಾಪಸು ಕಳಿಸಿದರು. ಬರೀ ಪಾಚಿ ತಿನ್ನುವುದಿದ್ದರೆ ತನ್ನಿ ಎಂದರು. ನಮ್ಮ ಯಜಮಾನರು ಚಂದ್ರಗುತ್ತಿಗೆ ಹೋದಾಗ, ಬೆಟ್ಟದ ಕೆಳಗಿನ ಹಳ್ಳದಲ್ಲಿ ಕಲ್ಲಿಗೆ ಬಾಯಿಟ್ಟು ಪಾಚಿ ಕೆರೆಯುತ್ತಿದ್ದ ಕಪ್ಪು ಮೀನೊಂದನ್ನು ಮಣ್ಣಿನ ಗಡಿಗೆಯಲ್ಲಿ ಹಾಕಿಕೊಂಡು ಬಂದರು. ಅತ್ತೆ ಒಂದು ಸತ್ತ ನೊಣ ಹಾಕಿ ಪರೀಕ್ಷೆ ಮಾಡಿದರು. ಅದು ತಿರುಗಿಯೂ ನೋಡಲಿಲ್ಲ. ಪಾಸಾಯಿತು. ಅಂದಿನಿಂದ ಅದರ ಹೆಸರು ಶರಣಪ್ಪ.

ಶರಣಪ್ಪನಿಗೆ ಬೇರೇನನ್ನೂ ಹಾಕಕೂಡದು, ಅದರ ನೇಮ ಕೆಡುತ್ತದೆ ಎಂಬುದು ಅತ್ತೆಯ ಕಟ್ಟಪ್ಪಣೆ. ನನ್ನ ನಾದಿನಿ ನೀಲಾ ಒಮ್ಮೆ ನಾಲ್ಕು ಅಗುಳು ಅನ್ನ ಹಾಕಹೋದಾಗ ಅತ್ತೆ ಅವಳ ಕೈ ಹಿಡಿದು ತಡೆದರು. ಬಂದವರಿಗೆಲ್ಲ ಹೇಳುತ್ತಿದ್ದರು: ಇದಕ್ಕೆ ಏನೂ ಹಾಕಂಗಿಲ್ಲ, ತಾನೇ ಗಾಜು ತೊಳಕೊಂಡು ಇರ್ತದೆ.

ನೀಲಾಳನ್ನು ಸೊರಬ ತಾಲ್ಲೂಕಿನ ಆನವಟ್ಟಿಗೆ ಕೊಟ್ಟಿತ್ತು. ದೊಡ್ಡ ವ್ಯಾಪಾರಸ್ಥರ ಮನೆ, ತುಂಬಾ ಜನ. ಆಷಾಢಕ್ಕೆಂದು ತವರಿಗೆ ಬಂದವಳು ಶ್ರಾವಣ ಕಳೆದರೂ ಹೋಗುವ ಮಾತೆತ್ತಿರಲಿಲ್ಲ. ಬಂದಾಗ ಅವಳ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಏನೆಂದು ಕೇಳಿದರೆ ನಗುತ್ತಿದ್ದಳು. ಹೊತ್ತು ಸಿಕ್ಕಾಗಲೆಲ್ಲ ತೊಟ್ಟಿಯ ಮುಂದೆ ಕೂರುತ್ತಿದ್ದಳು.

ಗಾಜು ಕನ್ನಡಿಯಂತಾದ ಕೆಲವು ದಿನಕ್ಕೆ ಶರಣಪ್ಪ ಸತ್ತಿತು. ಅದರ ಆಯುಷ್ಯವೇ ಅಷ್ಟು ಎಂದರು ಅತ್ತೆ. ಕೆಲವು ದಿನಗಳಿಂದ ಅದು ಒಂದೇ ಕಡೆ ಅಂಟಿಕೊಂಡು ಶಾಂತವಾಗಿತ್ತಲ್ಲ ಎಂದೆ ನಾನು.

"ಶಾಂತ ಅಲ್ಲ ಅತ್ತಿಗೆ, ಹಸಿವು" ಎಂದಳು ನೀಲಾ. "ಪಾಚಿ ಮುಗೀತು. ಆಮ್ಯಾಲೆ ಅದು ಏನು ತಿನ್ಬೇಕು?"

"ನಿನಗೆ ಹೇಗೆ ಗೊತ್ತಾಯ್ತು?"

"ಹಸಿದೋರು ಗ್ವಾಡಿ ಕಡೆ ಮಖ ಮಾಡ್ಕೊಂಡು ಸುಮ್ನ ಇರ್ತಾರ."

ಅಷ್ಟೇ ಹೇಳಿದ್ದು. ಎದ್ದು ಹೋಗಿ ಅಕ್ಕಿ ಆರಿಸಲು ಕೂತಳು. ಅವಳನ್ನು ಮತ್ತೆ ಆನವಟ್ಟಿಗೆ ಕಳಿಸಬಾರದು ಎಂದು ನಾನು ನಿಶ್ಚಯಿಸಿದ್ದು ಆಗ. ಹೊಸ ಸೊಸೆಯ ನಿಶ್ಚಯಕ್ಕೆ ಎಷ್ಟು ಬೆಲೆ ಎಂಬುದು ನಿಮಗೂ ಗೊತ್ತಿರುತ್ತದೆ.

ಕರೆಯಲು ಬೀಗಿತಿಯೇ ಬಂದರು. ಒಳ್ಳೆಯ ಮಾತಿನ ಹೆಂಗಸು, ನಗುಮುಖ. ಕೆಟ್ಟವರೆಂದು ಹೇಳಲು ಇಂದಿಗೂ ನನಗೆ ಬಾಯಿ ಬರುವುದಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುತ್ತ ನೀಲಾಳನ್ನು ಹೊಗಳಿದರು: "ನಿಮ್ಮ ಹುಡ್ಗಿ ಬಾಳ ಒಳ್ಳೇಳು ಕಣ್ರೀ. ಒಂದು ಕೇಳದಿಲ್ಲ, ಒಂದು ಬೇಡದಿಲ್ಲ. ಎಲ್ರುದ್ದೂ ಆದ್ಮೇಲೆ ಉಳಿದಿದ್ದು ಉಂಡ್ಕಂಡು ಅಡುಗೆಮನೆ ತೊಳ್ದು ಇಟ್ಟಿರ್ತಾಳೆ."

ಅತ್ತೆಯ ಮುಖ ಅರಳಿತು. ಬಾಗಿಲ ಹಿಂದೆ ನೀಲಾಳ ಸೆರಗು ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಏನೂ ಉಳಿಯದಿದ್ದ ದಿನ ಅವಳು ಏನು ಉಣ್ತಾಳಮ್ಮ?"

ಬೀಗಿತಿ ನಕ್ಕುಬಿಟ್ಟರು. ಇಂಗ್ಲಿಷ್ ಓದಿದ ಸೊಸೆ, ಪರೀಕ್ಷೆಯ ಪ್ರಶ್ನೆ ಕೇಳುತ್ತಾಳೆ ಎಂದರು. ಎಲ್ಲರೂ ನಕ್ಕರು. ಆಮೇಲೆ ಅಡುಗೆಮನೆಗೆ ಬಂದಾಗ ಅತ್ತೆ ಸೆರಗಿನಿಂದ ಕಣ್ಣು ಒತ್ತಿಕೊಂಡು ಮೆಲ್ಲಗೆ ಹೇಳಿದರು: "ನಂಗೂ ಕಣ್ಣು ಐತವ್ವಾ. ಇಟ್ಕೊಂಡ್ರೆ ಬಿಟ್ಟುಬಂದಾಕಿ ಅಂತಾರ. ಆ ಹೆಸರು ಹೊತ್ಕೊಂಡು ಹೆಂಗ ಬದುಕ್ಯಾಳು?" ಬುಟ್ಟಿ ತುಂಬ ರೊಟ್ಟಿ, ಚಟ್ನಿಪುಡಿ, ಉಂಡೆ ಕಟ್ಟಿ ಕೊಟ್ಟರು. ಆ ದೊಡ್ಡ ಮನೆಯಲ್ಲಿ ಅದು ಯಾರ ಪಾಲಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಬಸ್ಸು ಹತ್ತುವಾಗ ನೀಲಾ ಯಾರನ್ನೂ ಏನೂ ಕೇಳಲಿಲ್ಲ.

ಕೆಲವು ವರ್ಷಗಳ ನಂತರ ಆನವಟ್ಟಿಗೆ ಹೋಗಿದ್ದೆವು. ನೀಲಾಗೆ ಆಗ ಎರಡು ಮಕ್ಕಳು. ಎಲ್ಲರಿಗೂ ಬಡಿಸಿ, ಪಾತ್ರೆಗಳನ್ನು ಬಳಿಯುತ್ತಿದ್ದಳು. ನಾನು ಅವಳ ಕೈ ಹಿಡಿದು ಕೂರಿಸಿ, ನಮಗಾಗಿ ಮಾಡಿದ್ದ ಹೋಳಿಗೆಯನ್ನು ತಟ್ಟೆಗೆ ಹಾಕಿ ತುಪ್ಪ ಬಿಟ್ಟೆ. ಅವಳು ತುತ್ತು ಮುರಿದಳು, ಬಾಯಿಗೆ ಇಡಲಿಲ್ಲ.

"ನೀವು ಆ ಕಡೆ ನೋಡ್ರಿ ಅತ್ತಿಗೆ" ಎಂದಳು. "ಯಾರಾರ ನೋಡ್ತಿದ್ರೆ ನಂಗ ಗಂಟಲಾಗ ಇಳಿಯಂಗಿಲ್ಲ."

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಬಹಳ ಹೊತ್ತಿನ ಮೇಲೆ ಅವಳ ಬಳೆಯ ಸದ್ದು ಕೇಳಿಸಿತು. ಆಮೇಲೆ ಬೇಗ ಬೇಗ ಕೇಳಿಸಿತು. ಮುಂದೆ ಮೂರನೆಯ ಹೆರಿಗೆಯಲ್ಲಿ ಅವಳು ತೀರಿಕೊಂಡಳು. ಮೈಯಲ್ಲಿ ರಕ್ತವೇ ಇರಲಿಲ್ಲ ಎಂದರಂತೆ ಡಾಕ್ಟರು.

ಅಂಗಡಿಯವನನ್ನು ನಾನು ಕೇಳಿದೆ, ಪಾಚಿ ಮುಗಿದ ಮೇಲೆ ಇದು ಏನು ತಿನ್ನುತ್ತದಪ್ಪ ಎಂದು. ಅವನು ತಲೆ ಕೆರೆದುಕೊಂಡು, ಸೌತೆಕಾಯಿ ಬಿಲ್ಲೆ ಬೇಯಿಸಿ ಹಾಕಬಹುದು, ಯಾರೂ ಹಾಕುವುದಿಲ್ಲ ಅಷ್ಟೆ ಎಂದ. ಆ ಮೀನನ್ನು ತಂದೆವು. ಗಾಜು ಈಗ ಶುಭ್ರವಾಗಿದೆ. ಸಂಜೆ ದೀಪ ಹಚ್ಚಿದ ಮೇಲೆ ಒಂದು ಬಿಲ್ಲೆ ನೀರಿಗೆ ಬಿಡುತ್ತೇನೆ. ಸೊಸೆ, "ಬನ್ನಿ ಅತ್ತೆ, ತಿನ್ನೋಕೆ ಬಂತು, ನೋಡಿ" ಎಂದು ಕರೆಯುತ್ತಾಳೆ. ನಾನು ಹೋಗುವುದಿಲ್ಲ. ಅದು ತಿಂದು ಮುಗಿಸುವವರೆಗೆ ಕಿಟಕಿಯ ಕಡೆ ತಿರುಗಿ ಕೂತಿರುತ್ತೇನೆ.