ಎದುರಾಳಿಯನ್ನು ತಾನೇ ತಯಾರು ಮಾಡಿದ ಕಲೈವಾಣಿ

ಬೆಳಕು ಹರಿಯುವ ಮುಂಚೆಯೇ ಸೇಲಂನ ಈ ನೇಕಾರರ ಬೀದಿಯಲ್ಲಿ ಧಬಧಬ ಸದ್ದು ಶುರುವಾಗುತ್ತದೆ. ಮನೆಯ ಹಿಂದಿನ ಬೇವಿನ ಮರಕ್ಕೆ ತೂಗುಹಾಕಿದ ಗೋಣಿಚೀಲಕ್ಕೆ ಇಪ್ಪತ್ತನಾಲ್ಕರ ಕಲೈವಾಣಿ ಗುದ್ದುತ್ತಿದ್ದಾಳೆ. ಚೀಲದೊಳಗೆ ತುಂಬಿರುವುದು ಮಗ್ಗದಲ್ಲಿ ಉಳಿದ ತುಂಡು ನೂಲು. ತಾಯಿ ಚೆಲ್ಲಮ್ಮ ಒಳಗಿಂದಲೇ ಗದರುತ್ತಾರೆ: "ಲೇ, ಸಾಕು ಬಾ! ಕಾಪಿ ಆರೋಗ್ತೈತೆ!"

ಕಾಫಿ ಕುಡಿದವಳೇ ಮಗ್ಗಕ್ಕೆ ಕೂರುತ್ತಾಳೆ. ರೇಷ್ಮೆ ಪಂಚೆ ನೇಯುವುದು ಹೊಟ್ಟೆಪಾಡು, ಬಾಕ್ಸಿಂಗ್ ಹುಚ್ಚು. ಸಂಜೆ ಕೋಚ್ ಧನಪಾಲ್ ಅವರ ಬಳಿ ಅಭ್ಯಾಸ. ಎಂಬತ್ತೈದು ಕೆಜಿ ತೂಗುವ ಈ ಹುಡುಗಿಯ ಕೈಯಲ್ಲಿ ಬೇಕಾದಷ್ಟು ಬಲವಿದೆ, ಆದರೆ ಆ ಕೈಗೆ ಕೆಲಸವೇ ಸಿಗುತ್ತಿರಲಿಲ್ಲ. ಸುತ್ತಲಿನ ಜಿಲ್ಲೆಗಳಲ್ಲಿ ಅವಳ ತೂಕದ ವಿಭಾಗಕ್ಕೆ ಹೆಸರು ಕೊಡುವ ಇನ್ನೊಬ್ಬ ಹುಡುಗಿ ಇರಲಿಲ್ಲ.

"ಗ್ಲೌಸ್ ಆಕ್ಕೊಂಡು ರಿಂಗಲ್ಲಿ ಒಬ್ಳೇ ನಿಂತ್ಕೋತಿದ್ದೆ ಅಕ್ಕಾ. ಬೆಲ್ ಒಡೀತಾರೆ, ರೆಫ್ರಿ ಬಂದು ಕೈ ಎತ್ತಾರೆ. ಅಷ್ಟೇ, ಗೋಲ್ಡ್ ಮೆಡಲ್! ಎಲ್ರೂ ಕೈ ತಟ್ಟಿದ್ರೆ ನಂಗೆ ಬರೇ ನಾಚ್ಕೆ," ಎಂದು ಈಗ ನಗುತ್ತಾಳೆ.

ಆಗ ನಗು ಬಂದಿರಲಿಲ್ಲ. ಇಂಥ ಪದಕಗಳ ಬಲದ ಮೇಲೆ ಒಮ್ಮೆ ಚೆನ್ನೈಗೆ ಹೋದವಳು ಮೊದಲ ಸುತ್ತಿನಲ್ಲೇ ಕಂಗಾಲಾದಳು. ಎದುರಿನಿಂದ ನಿಜವಾಗಿ ಬರುವ ಮುಷ್ಟಿಯನ್ನು ಅವಳು ಅದುವರೆಗೆ ನೋಡಿಯೇ ಇರಲಿಲ್ಲ. ಅಭ್ಯಾಸದಲ್ಲಿ ಜೊತೆಯಾಗುವ ಹುಡುಗರು, ಹೆಣ್ಣುಮಗಳೆಂದು ಕೈ ತಡೆದು ಹೊಡೆಯುತ್ತಿದ್ದರು. ಇದನ್ನು ಕೇಳಿ ನನಗಂತೂ ಆ ಮರ್ಯಾದಸ್ಥರ ಮೇಲೆ ಸಿಟ್ಟೇ ಬಂತು.

ಬಸ್ಸಿನಲ್ಲಿ ವಾಪಸು ಬರುವಾಗಲೇ ಕಲೈವಾಣಿ ನಿರ್ಧಾರ ಮಾಡಿ ಕೋಚ್‌ಗೆ ಹೇಳಿದ್ದಳು. "ಆಳ್ ಇಲ್ಲಾಂದ್ರೆ ನಾನೇ ಒಬ್ಳನ್ನ ರೆಡಿ ಮಾಡ್ತೀನಿ ಸಾರ್ ಅಂದ್ಬಿಟ್ಟೆ."

ಆ ಒಬ್ಬಳು ಸಿಕ್ಕಿದ್ದು ಹರೂರಿನಲ್ಲಿ. ಮರಗೆಣಸಿನ ಹೊಲದಲ್ಲಿ ಕೆಲಸ ಮಾಡುತ್ತ ಕಬಡ್ಡಿ ಆಡುತ್ತಿದ್ದ ಸೆಲ್ವಿ, ತೂಕದಲ್ಲಿ ಕಲೈವಾಣಿಗೆ ಸರಿಜೋಡಿ. ಭಾನುವಾರ ಬಂತೆಂದರೆ ಕಲೈವಾಣಿ ಎರಡು ಜೊತೆ ಗ್ಲೌಸ್ ಚೀಲಕ್ಕೆ ತುಂಬಿ ಹರೂರಿನ ಬಸ್ಸು ಹತ್ತುತ್ತಿದ್ದಳು. ಕಾಲು ಹೇಗಿಡಬೇಕು, ಗಲ್ಲ ಹೇಗೆ ಕಾಪಾಡಿಕೊಳ್ಳಬೇಕು, ಎಲ್ಲವನ್ನೂ ಒಂದು ವರ್ಷ ಕಲಿಸಿದಳು. "ಎದುರಾಳಿಗೇ ಪಾಠ ಏಳ್ಕೊಡೋ ಪೈತ್ಯ ಇವ್ಳೊಬ್ಳೇ," ಎನ್ನುತ್ತಾರೆ ಧನಪಾಲ್. ಹುಚ್ಚಿ ಎಂದು ಅವರು ಬೈದರೂ ದನಿಯಲ್ಲಿ ಹೆಮ್ಮೆಯೇ ಹೆಚ್ಚು.

ಕಳೆದ ತಿಂಗಳು ಧರ್ಮಪುರಿಯ ಪಂದ್ಯದಲ್ಲಿ ಇಬ್ಬರೂ ಎದುರುಬದುರಾದರು. ಮೂರು ಸುತ್ತೂ ಸೆಲ್ವಿ ಬಿಡಲಿಲ್ಲ. ಕಲೈವಾಣಿಯೇ ಕಲಿಸಿದ ಎಡಗೈ ಹೊಡೆತ ಕಲೈವಾಣಿಯ ಮೂಗಿಗೇ ಬಿತ್ತು. ಗೆದ್ದದ್ದು ಸೆಲ್ವಿ.

"ನಾನು ಅಳ್ತಾ ಓಡೋಗಿ ನೋಡ್ತೀನಿ, ಮೂಗಲ್ಲಿ ರಕ್ತ ಬರ್ತೈತೆ, ಇವ್ಳು ಅಲ್ಲು ಕಿರೀತಾವ್ಳೆ!" ಎಂದು ಚೆಲ್ಲಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಮಗಳು ಈಗಲೂ ಹಲ್ಲು ಕಿರಿಯುತ್ತಲೇ ಇದ್ದಾಳೆ. ಸೋತು ಇಷ್ಟು ಖುಷಿಯಾಗಿರುವವರನ್ನು ನಾನು ಕಂಡಿಲ್ಲ.

ಒಂದೇ ಒಂದು ಚಿಂತೆ. ಸೆಲ್ವಿಗೆ ಮನೆಯಲ್ಲಿ ಗಂಡು, ಇಲ್ಲಿನವರ ಮಾತಿನಲ್ಲಿ ಮಾಪಿಳ್ಳೆ, ನೋಡುತ್ತಿದ್ದಾರೆ. ಮದುವೆಯಾದರೆ ರಿಂಗಿಗೆ ಕಳಿಸುತ್ತಾರೋ ಇಲ್ಲವೋ ಯಾರಿಗೆ ಗೊತ್ತು? ಬೀದಿ ಕೊನೆಯ ಮಾರಿಯಮ್ಮನಿಗೆ ಕಲೈವಾಣಿ ಆಗಲೇ ಹರಕೆ ಹೊತ್ತಿದ್ದಾಳೆ. ಏನೆಂದು ಕೇಳಿದರೆ ದನಿ ತಗ್ಗಿಸುತ್ತಾಳೆ.

"ಸೆಲ್ವಿಗೆ ಒಳ್ಳೆ ಮಾಪಿಳ್ಳೆನೇ ಸಿಗ್ಲಿ ಅಕ್ಕಾ. ಆದ್ರೆ ನಾನು ಅವ್ಳನ್ನ ಒಂದ್ಸಲ ಸೋಲಿಸಿದ್ಮೇಲೆ ಸಿಗ್ಲಿ."