ಹುಡಗಿ ರಸ್ತೆಯಲ್ಲಿ ಆಲಿಕಲ್ಲು ಮಳೆ

ನಿವೃತ್ತಿಯಾದ ಮೇಲೆ ನನ್ನ ಗಂಡ ಹಳೆಯ ಟೆಂಪೊ ಒಂದನ್ನು ಕೊಂಡು, ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂಡಿಸಿ ಓಡಾಡುವ ಮನೆ ಮಾಡಿಕೊಂಡರು. ಸೀಟಿನ ಕವರುಗಳನ್ನು ಮಾತ್ರ ನಾನೇ ಹೊಲಿದೆ. ಕೆನೆ ಬಣ್ಣದ ದಪ್ಪ ಬಟ್ಟೆ, ಅಂಚಿಗೆ ಕಸೂತಿ. ಆ ಗಾಡಿಯಲ್ಲಿ ನಾವು ಮೊದಲು ಹೋದದ್ದು ಬಸವಕಲ್ಯಾಣಕ್ಕೆ, ನನ್ನ ತಂಗಿಯ ಮನೆಗೆ. ಅಲ್ಲಿಂದ ಬೀದರಿಗೆ ಹೊರಟ ಮಧ್ಯಾಹ್ನ ತಂಗಿ ಅಂಗಳಕ್ಕೆ ಬಂದು ಮೋಡ ನೋಡಿದಳು.

“ಮಳಿ ಬರೋಹಂಗ ಅದ. ನಾಳಿ ಮುಂಜಾನಿ ಹೋಗ್ರಿ, ಭಾವಾ.”

“ಮನೀನ ಸಂಗಾಟ ಒಯ್ಯಾಕತ್ತೇವಿ. ಮಳಿಗ್ಯಾಕ ಅಂಜಬೇಕು?” ಎಂದು ಇವರು ನಕ್ಕರು. ನಾನೂ ನಕ್ಕೆ.

ಹುಮನಾಬಾದ ದಾಟಿ ಹುಡಗಿ ಎಂಬ ಊರಿನ ಕಡೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಎದ್ದಿತು. ನಮ್ಮ ಗಾಡಿ ಎತ್ತರದ್ದು, ಅಡ್ಡಗಾಳಿಗೆ ಹೊಯ್ದಾಡತೊಡಗಿತು. ಕೆಂಪು ಧೂಳಿನಲ್ಲಿ ಮುಂದಿನ ಲಾರಿಯೇ ಕಾಣದಂತಾಗಿ, ಇವರು ರಸ್ತೆ ಬದಿಗೆ ತಂದು ನಿಲ್ಲಿಸಿದರು. ಆಗ ಆಲಿಕಲ್ಲು ಶುರುವಾಯಿತು. ತಗಡಿನ ಮೇಲೆ ಅದು ಬೀಳುವ ಸದ್ದಿಗೆ ನಮ್ಮ ಮಾತೇ ನಮಗೆ ಕೇಳುತ್ತಿರಲಿಲ್ಲ.

ಆ ಸದ್ದಿನ ನಡುವೆ ಯಾರೋ ಬಾಗಿಲು ಬಡಿದರು. ತೆರೆದರೆ ನಾಲ್ವರು ಹೆಂಗಸರು, ತಲೆಯ ಮೇಲೆ ಖಾಲಿ ಬುಟ್ಟಿ ಬೋರಲು ಹಾಕಿಕೊಂಡು ನಿಂತಿದ್ದರು. ಪಕ್ಕದ ಹೊಲದಲ್ಲಿ ಉಳ್ಳಾಗಡ್ಡಿ ಕೀಳುತ್ತಿದ್ದವರು. ಮೈಯೆಲ್ಲ ಕೆಸರು.

“ಅಕ್ಕೋರ, ಜರಾ ಒಳಗ ಬರ್ಲೇನ್ರಿ?”

“ಬರ್ರಿ, ಬರ್ರಿ. ಒಂದು ನಿಮಿಷ ತಡೀರಿ,” ಎಂದೆ. ತಿರುಗಿ, ಕಪಾಟಿನಿಂದ ಹಳೆಯ ಪತ್ರಿಕೆಗಳನ್ನು ತೆಗೆದು ಸೀಟುಗಳ ಮೇಲೆ ಹಾಸತೊಡಗಿದೆ. ಒಂದು ಹಾಳೆ ಗಾಳಿಗೆ ಹಾರಿತು. ಅದನ್ನು ಹಿಡಿದು ಮತ್ತೆ ಹಾಸಿದೆ.

“ಏನ್ ಮಾಡಾಕತ್ತೀ? ಅವರನ್ನ ಒಳಗ ತಗೋ!” ಎಂದು ಇವರು ಚೀರಿದಾಗ ತಿರುಗಿ ನೋಡಿದೆ. ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸಿನ ಬುಟ್ಟಿ ಗಾಳಿಗೆ ಹೋಗಿತ್ತು. ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು.

ಒಳಗೆ ಬಂದವರು ಸೀಟಿನತ್ತ ನೋಡಲೂ ಇಲ್ಲ. ಬಾಗಿಲ ಬಳಿ ನೆಲದ ಮೇಲೆ ಮುದುಡಿ ಕುಳಿತರು. “ಮ್ಯಾಲ ಕೂಡ್ರಿ” ಎಂದೆ. “ಇರ್ಲಿ ಬಿಡ್ರಿ ಅಕ್ಕೋರ, ಹೊಲಸಾಗ್ತದ” ಎಂದಳೊಬ್ಬಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅರಿವೆಯ ಚೂರೊಂದನ್ನು ಮುದುಕಿಯ ಗಾಯಕ್ಕೆ ಒತ್ತಿ ಹಿಡಿದೆ. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಅಷ್ಟರಲ್ಲಿ ಗಾಳಿ ಗಾಡಿಯ ಒಂದು ಬದಿಯನ್ನು ಎತ್ತಿದಂತಾಯಿತು. ಪಾತ್ರೆಗಳು ಉರುಳಿದವು. “ಎಲ್ಲಾರೂ ಈ ಕಡಿಗೆ ಬರ್ರಿ! ಭಾರ ಈ ಕಡಿಗೆ ಹಾಕ್ರಿ!” ಎಂದು ಇವರು ಕೂಗಿದರು. ಐವರು ಹೆಂಗಸರೂ ಗಾಳಿ ಬೀಸುತ್ತಿದ್ದ ಬದಿಗೆ ಸರಿದು, ನನ್ನ ಕೆನೆ ಬಣ್ಣದ ಸೀಟುಗಳ ಮೇಲೇ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತೆವು. ಪತ್ರಿಕೆಗಳು ಎಲ್ಲಿ ಹೋದವೋ. ಮುದುಕಿ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದು, “ಅಂಜಬ್ಯಾಡವ್ವಾ, ನಾವಿಷ್ಟು ಮಂದಿ ಅದೀವಲ್ಲ” ಎಂದಳು. ಗಾಡಿ ಮತ್ತೆ ಎರಡು ಸಲ ವಾಲಿತು, ಆದರೆ ಉರುಳಲಿಲ್ಲ. ನಾವಿಬ್ಬರೇ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ಇವರು ಇವತ್ತಿಗೂ ಹೇಳುತ್ತಾರೆ.

ಮಳೆ ನಿಂತ ಮೇಲೆ ಅವರನ್ನು ಹುಡಗಿಯಲ್ಲಿ ಅವರ ಓಣಿಯವರೆಗೆ ಬಿಟ್ಟೆವು. ಇಳಿಯುವ ಮೊದಲು ಒಬ್ಬಳು ತನ್ನ ಸೆರಗಿನಿಂದಲೇ ಸೀಟು ಒರೆಸಲು ಹೋದಳು. ನಾನು ಅವಳ ಕೈ ಹಿಡಿದೆ. “ತಪ್ಪಾಯ್ತು” ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು “ಇರ್ಲಿ, ನಾನು ತೊಳಕೋತೀನಿ” ಎಂಬ ಮಾತು.

ಮುದುಕಿ ಕೆಳಗಿಳಿದು, “ಬರ್ರಿ, ಒಂದೀಟು ಚಹಾ ಕುಡದು ಹೋಗ್ರಿ. ನೀವೂ ಅಂಜೀರಿ,” ಎಂದಳು.

ಇವರು ಆಗಲೇ ಇಳಿಯಲು ಹೊರಟಿದ್ದರು. ಆ ಮನೆಯೊಳಗೆ ಹೋಗಿ, ಅವಳು ಹಾಸಿಕೊಡುವ ಚಾಪೆಯ ಮೇಲೆ ಕೂಡುವ ಮುಖ ನನಗಿರಲಿಲ್ಲ. “ಹೊತ್ತಾಗ್ತದ್ರಿ, ಬ್ಯಾಡ್ರಿ,” ಎಂದುಬಿಟ್ಟೆ. ಮುದುಕಿಯ ಮುಖ ಸಣ್ಣಗಾಯಿತು. ತಮ್ಮ ಮನೆಯ ಚಹಾ ನನಗೆ ಬೇಡವೆಂದೇ ಆಕೆ ತಿಳಿದಳೆಂದು ನನಗೆ ಹೊಳೆಯುವ ಹೊತ್ತಿಗೆ ಗಾಡಿ ಊರು ಬಿಟ್ಟಿತ್ತು.

“ಚಹಾ ಕುಡೀಬೇಕಿತ್ತು,” ಎಂದರು ಇವರು.

“ಹೌದು,” ಎಂದೆ. ಆದರೆ “ಗಾಡಿ ತಿರುಗಿಸ್ರಿ” ಎನ್ನಲಿಲ್ಲ.