ನಡುಗುತ್ತಿದ್ದ ತೊಟ್ಟಿಯ ನೀರು

ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ನನ್ನ ತಂಗಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ, ಅವಳು ಸಾಕಿದ್ದ ಆಮೆ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂತು. ಅವಳಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು. ಮೈಯಲ್ಲಿ ರಕ್ತ ಸಾಲದೆಂದು ವೈದ್ಯರು ಮುಂದೂಡುತ್ತಿದ್ದರು. ಅವಳ ಗಂಡ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರವಾಗಿ ಆಸ್ಪತ್ರೆಗೆ ಓಡುತ್ತಿದ್ದ. ಅವನೇ ಆಮೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನನ್ನ ಕೈಗಿತ್ತ.

"ಭಾವ, ಇದು ಹೆಂಗಿದೆ ಅಂತ ದಿನಾ ಕೇಳ್ತಾಳೆ. ಸ್ವಲ್ಪ ನೋಡ್ಕೊಳಿ."

ಮಳೆಗಾಲದಲ್ಲಿ ಕೆರೆಯಂಚಿನ ದಾರಿಯಲ್ಲಿ ಅವಳಿಗೆ ಸಿಕ್ಕಿದ್ದ ಆಮೆ ಅದು. ಮುಟ್ಟಿದರೆ ತಲೆ, ಕಾಲುಗಳನ್ನು ಒಳಗೆಳೆದುಕೊಂಡು, ಹೊಟ್ಟೆಯ ಕಡೆಯ ಮೆತ್ತನೆಯ ಮುಚ್ಚಳಗಳನ್ನು ಸೇರಿಸಿ ಡಬ್ಬಿಯಂತೆ ಮುಚ್ಚಿಕೊಳ್ಳುವ ಜಾತಿಯದು. ಅವಳ ಮನೆಯಲ್ಲಿ ಅದು ಅನ್ನದಗುಳು, ಎರೆಹುಳು ಏನು ಕೊಟ್ಟರೂ ಅವಳ ಬೆರಳ ತುದಿಯಿಂದಲೇ ಕಸಿದು ತಿನ್ನುತ್ತಿತ್ತು. ನಮ್ಮ ಹಿತ್ತಲಿನಲ್ಲಿ, ವಿದ್ಯುತ್ ಮಗ್ಗಗಳ ಕೋಣೆಯ ಗೋಡೆಗೆ ಹೊಂದಿಕೊಂಡಿದ್ದ ಕಲ್ಲಿನ ತೊಟ್ಟಿಗೆ ಬಿಟ್ಟ ಮೇಲೆ ಮುಚ್ಚಿಕೊಂಡದ್ದು ತೆರೆಯಲೇ ಇಲ್ಲ. ಹಾಕಿದ ಅನ್ನ ನೀರಿನಲ್ಲೇ ಉಬ್ಬಿ ಹಳಸುತ್ತಿತ್ತು. ಎರೆಹುಳು ಅಗೆಯಲು ನಾನು ಗುದ್ದಲಿ ಹಿಡಿದಾಗ, "ಇದೊಂದು ಬಾಕಿ ಇತ್ತು ನಮ್ಮನೇಲಿ" ಎಂದು ಹೆಂಡತಿ ಮೂಗು ಮುಚ್ಚಿಕೊಂಡಳು. ಹುಳುಗಳೂ ಹಾಗೇ ಉಳಿದವು.

ಪಕ್ಕದ ಮನೆಯ ನೇಕಾರ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ ತೀರ್ಪು ಕೊಟ್ಟ: "ಚಳಿಗಾಲ ಕಣಪ್ಪಾ, ಮಲಗೈತೆ. ಯುಗಾದಿಗೆ ಏಳ್ತದೆ ಬಿಡು."

"ಮಲಗಿದೆಯೋ ಸಾಯ್ತಿದೆಯೋ ನಿನಗೆ ಹೆಂಗೆ ಗೊತ್ತು?"

"ಎಲ್ಲರಿಗೂ ಗೊತ್ತಿರೋದೇ ಅಲ್ವಾ ಗುರು!"

ಎಲ್ಲರಿಗೂ ಗೊತ್ತಿರುವ ಸಂಗತಿಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಶಾಲೆ ಬಿಟ್ಟು ಮಗ್ಗಕ್ಕೆ ಕುಳಿತವನು ನಾನು. ಓದಿದ್ದೆಲ್ಲ ಊರಿನ ಗ್ರಂಥಾಲಯದಲ್ಲಿ. ಅಲ್ಲಿನ ಪುಸ್ತಕವೊಂದು ಆಮೆಗಳು ಚಳಿಗಾಲವಿಡೀ ನಿದ್ರಿಸುತ್ತವೆ ಎಂದು ಹೇಳುತ್ತಿತ್ತು. ಆದರೆ ಅದು ಹಿಮ ಬೀಳುವ ದೇಶಗಳ ಮಾತು. ನಮ್ಮೂರಿನ ಮಧ್ಯಾಹ್ನದ ಬಿಸಿಲನ್ನು ಅದನ್ನು ಬರೆದವನು ಕಂಡಿರಲಾರ. ಹಾಗೆಂದು ನೆಮ್ಮದಿಯೇನೂ ಸಿಗಲಿಲ್ಲ. ಅದು ನಿಜಕ್ಕೂ ನಿದ್ರಿಸುತ್ತಿದ್ದರೆ, ದಿನವೂ ಎತ್ತಿ ನೋಡುತ್ತಿದ್ದ ನಾನೇ ಅದನ್ನು ಕೊಲ್ಲುತ್ತಿರಬಹುದಿತ್ತು.

ಆಸ್ಪತ್ರೆಗೆ ಹೋದಾಗ ತಂಗಿ ತನ್ನ ನೋವಿನ ಮಾತೆತ್ತಲಿಲ್ಲ.

"ಅಣ್ಣ, ತಿಂತಾ?"

ತಿನ್ನುತ್ತಿದೆ ಎಂದು ಹೇಳುವಂತೆ ಎಲ್ಲರೂ ನನಗೆ ಪಾಠ ಹೇಳಿ ಕಳಿಸಿದ್ದರು. ನನ್ನ ಬಾಯಿಂದ ಬಂದದ್ದು "ಇನ್ನೂ ಇಲ್ಲ ಕಣಮ್ಮ" ಎಂಬ ಮಾತು. ಅವಳು ಗೋಡೆಯ ಕಡೆಗೆ ಹೊರಳಿದಳು. ಆ ಹೊತ್ತಿನ ಊಟದ ತಟ್ಟೆಯನ್ನು ಮುಟ್ಟಲಿಲ್ಲ. ಹೊರಗೆ ಅವಳ ಗಂಡ ನನ್ನನ್ನು ತರಾಟೆಗೆ ತೆಗೆದುಕೊಂಡ: "ತಿಂತು ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಭಾವ? ಅವಳು ಉಂಡರೆ ತಾನೇ ರಕ್ತ ಆಗೋದು!"

ಈಗ ಆ ಆಮೆ ನಿಜವಾಗಿಯೂ ತಿನ್ನಲೇಬೇಕಿತ್ತು.

ಮರುದಿನ ಮಧ್ಯಾಹ್ನ ತೊಟ್ಟಿಯ ಬಳಿ ಕುಳಿತಿದ್ದಾಗ ಕರೆಂಟ್ ಹೋಯಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ತೊಟ್ಟಿಯ ನೀರಿನ ಮೇಲೆ ಅದುವರೆಗೂ ಸೀರೆಯ ಸಣ್ಣ ಗೆರೆಗಳಂತೆ ನಡುಕವೊಂದು ಓಡುತ್ತಿತ್ತೆಂಬುದು, ಅದು ನಿಂತಾಗಲೇ ನನ್ನ ಕಣ್ಣಿಗೆ ಬಿದ್ದದ್ದು. ನೀರು ಗಾಜಿನಂತಾಯಿತು. ಸ್ವಲ್ಪ ಹೊತ್ತಿಗೆ ಆಮೆಯ ಚೂಪು ಮೂಗು ಹೊರಬಂತು. ಹಿಂದೆಯೇ ಉದ್ದನೆಯ ಕುತ್ತಿಗೆ. ನಾನು ಉಸಿರು ಬಿಗಿಹಿಡಿದು ಅನ್ನದ ಕಡೆಗೆ ಕೈ ಚಾಚುವಷ್ಟರಲ್ಲಿ ಕರೆಂಟ್ ಬಂತು. ಲಾಳಿಗಳು ಬಡಿದುಕೊಂಡವು, ನೀರು ನಡುಗಿತು, ಡಬ್ಬಿ ಮುಚ್ಚಿತು.

ಆಮೆ ಮಗ್ಗಕ್ಕೆ ಹೆದರುತ್ತಿದೆ ಎಂದು ಕೂಗುತ್ತ ಒಳಗೆ ಓಡಿ ನಮ್ಮ ಎರಡೂ ಮಗ್ಗಗಳನ್ನು ನಿಲ್ಲಿಸಿದೆ. ಹೆಂಡತಿ ಬೆರಗಾಗಿ ನೋಡಿದಳು. "ರೀ, ಕರೆಂಟ್ ಇರುವಾಗ ಮಗ್ಗ ನಿಲ್ಲಿಸ್ತಾರಾ? ಆಮೆಗೆಲ್ಲಿದೆ ಕಿವಿ?"

"ಕಿವಿ ಇಲ್ಲದಿದ್ರೆ ಮೈ ಇಲ್ವೇನೇ?"

ಆದರೂ ನೀರಿನ ನಡುಕ ಹೋಗಲಿಲ್ಲ. ಪಕ್ಕದ ಮನೆಯ ಮಗ್ಗಗಳು ಅದೇ ನೆಲವನ್ನು ಕುಟ್ಟುತ್ತಿದ್ದವು. ನಿಲ್ಲಿಸುವಂತೆ ಅವನನ್ನು ಕೇಳುವ ಮುಖ ನನಗಿರಲಿಲ್ಲ. ಆಗ ನೆನಪಾಯಿತು, ತಂಗಿಯ ಮನೆಯಲ್ಲಾಗಲಿ ಅದರ ಸುತ್ತಮುತ್ತಲಾಗಲಿ ಒಂದೂ ಮಗ್ಗವಿಲ್ಲ. ಅವಳ ಗಂಡ ಕಾರ್ಖಾನೆಗೆ ಸೇರಿದ ಮೇಲೆ ಅವರು ಊರಿನ ಹೊರಗೆ ಬಾಡಿಗೆಗೆ ಹೋಗಿದ್ದರು.

ಅಂದೇ ಆಮೆಯನ್ನು ಅದೇ ಗೋಣಿಯಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದೆ. ನಮ್ಮ ಮಗ್ಗದ ಮೇಲೆ ಸೀರೆ ಅರ್ಧಕ್ಕೇ ನಿಂತಿತ್ತು. ಅವಳ ಹಿತ್ತಲಿನ ಸಿಮೆಂಟ್ ಬಾನಿಗೆ ನೀರು ತುಂಬಿ, ಆಮೆಯನ್ನು ಬಿಟ್ಟು, ದೂರದಲ್ಲಿ ಕುಳಿತೆ. ಅಂದು ತಿನ್ನಲಿಲ್ಲ. ಅಲ್ಲೇ ಉಳಿದೆ. ರಾತ್ರಿಯೆಲ್ಲ ನನ್ನ ತರ್ಕದ ಮೇಲೆ ನನಗೇ ಸಂಶಯ ಹುಟ್ಟಿತು. ಬೆಳಗಿನ ಬಿಸಿಲು ಬಾನಿಗೆ ಬಿದ್ದಾಗ ಎರೆಹುಳುವನ್ನು ನೀರಿನೊಳಗೆ ಹಿಡಿದೆ. ಕುತ್ತಿಗೆ ನಿಧಾನವಾಗಿ ಹೊರಬಂದು, ಹುಳುವನ್ನು ತಟ್ಟನೆ ಎಳೆದುಕೊಂಡಿತು. ಜೊತೆಗೆ ನನ್ನ ಬೆರಳಿನ ಚರ್ಮವನ್ನೂ ಕೊಂಚ ಕಿತ್ತಿತು. ನೋವಿಗಿಂತ ಮೊದಲು ಕಣ್ಣಲ್ಲಿ ನೀರು ಬಂದದ್ದು ಬೇರೆ ಕಾರಣಕ್ಕೆ.

ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ. "ತಿಂತು" ಎಂದೆ. ತಂಗಿ ನಂಬದವಳಂತೆ ನನ್ನ ಮುಖವನ್ನೇ ನೋಡಿದಳು. ಬೆರಳು ತೋರಿಸಿದೆ. ಅವಳು ಅದನ್ನು ಹಿಡಿದು ತಿರುಗಿಸಿ ನೋಡಿ, ಗಾಯದ ಆಕಾರವನ್ನು ಗುರುತಿಸಿ, ನಡೆದದ್ದನ್ನೆಲ್ಲ ಹೇಳಿಸಿಕೊಂಡಳು.

"ಮಗ್ಗ ನಿಲ್ಸಿ ಬಂದ್ಯಾ? ನನ್ನ ಮದ್ವೆ ದಿನಾನೂ ಬೆಳಿಗ್ಗೆ ಒಂದು ಗಳಿಗೆ ಓಡಿಸ್ದೋನು ನೀನು!"

"ಗಂಡಿನ ಕಡೆಯೋರು ಬರೋದು ತಡವಾಯ್ತಲ್ಲ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋವಾಗಿ ನಡುವೆಯೇ ನಿಲ್ಲಿಸಿದಳು. ಮಗ್ಗದ ನಡುಕಕ್ಕಲ್ಲ, ತನ್ನ ಮನೆಗೆ ಮರಳುವ ಆಸೆಗೆ ಅದು ಉಪವಾಸವಿತ್ತೆಂದು ಅವಳು ವಾದಿಸಿದಳು. ನನ್ನ ಬಳಿ ಇದ್ದ ಪುರಾವೆಯೂ ಅವಳ ಮಾತನ್ನು ಪೂರ್ತಿಯಾಗಿ ಅಲ್ಲಗಳೆಯುವಂಥದ್ದಾಗಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಮಾತ್ರ ನನ್ನ ಹಟ ಬಿಡಲಿಲ್ಲ. ಆಪರೇಷನ್ ಇನ್ನೂ ಮುಂದಿತ್ತು, ಭಯವೂ ಇತ್ತು. ವಾದದ ನಡುವೆ ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಅನ್ನ ಕಲಸತೊಡಗಿದಳು. ಅವಳು ಉಂಡು ಮುಗಿಸುವವರೆಗೂ ನಾನು ವಾದವನ್ನು ಬಿಡಲಿಲ್ಲ.